ಸಣ್ಣ ಊರುಗಳಲ್ಲಿ ಸೇವೆ: ನಾನು ಮಾಡಿಕೊಂಡು ಬಂದ ರೀತಿ

ಹಳ್ಳಿಗಳಲ್ಲಿ ಕ್ರೈಸ್ತ ಸೇವೆಗೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಪ್ರಸಂಗದ, ಅಂದರೆ ಆರಾಧನೆಯಲ್ಲಿ ಮಾಡುವ ಬೋಧನೆಯ ಬಗ್ಗೆ. ನಾನು ಅವರನ್ನು ಕೇಳುವುದು, ಯಾರ ಮನೆಯಲ್ಲಿ ಉಳಿದುಕೊಳ್ಳುತ್ತೀರಿ ಅಂತ.

ಐವತ್ತು ಮನೆಗಳ ಊರಲ್ಲಿ ಯಾವುದೂ ಗುಟ್ಟಲ್ಲ. ಯಾರ ಮನೆಯಲ್ಲಿ ಊಟ ಮಾಡಿದಿರಿ, ಯಾರ ಬಾಗಿಲು ದಾಟಿ ಹೋದಿರಿ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸುತ್ತಾನೆ. ಒಂದೇ ಮನೆಯಲ್ಲಿರಿ, ಕೊಟ್ಟದ್ದನ್ನು ತಿನ್ನಿ, ಮನೆಯಿಂದ ಮನೆಗೆ ಹೋಗಬೇಡಿ ಎನ್ನುತ್ತಾನೆ. ನಾನು ಇದನ್ನು ಅಕ್ಷರಶಃ ಪಾಲಿಸುತ್ತೇನೆ. ಮೊದಲು ಬಾಗಿಲು ತೆರೆದ ಮನೆ ಎಷ್ಟೇ ಬಡವರದ್ದಾಗಲಿ, ಅದೇ ನನ್ನ ಮನೆ. ಆಮೇಲೆ ದೊಡ್ಡ ಮನೆಯವರು ಕರೆದರೆ ಹೋಗಿ ಮಾತಾಡಿ ಬರುತ್ತೇನೆ, ಮಲಗುವುದು ಮಾತ್ರ ಮೊದಲ ಮನೆಯಲ್ಲೇ. ಒಬ್ಬನೇ ಹೋಗುವುದಿಲ್ಲ. ಜೊತೆಗೊಬ್ಬರಿದ್ದರೆ ಅನುಮಾನಕ್ಕೂ ಜಾಗ ಕಡಿಮೆ, ಧೈರ್ಯವೂ ಜಾಸ್ತಿ.

ಇನ್ನೆರಡು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಸಹಾಯಕ್ಕೂ ಪ್ರಾರ್ಥನೆಗೂ ಗಂಟು ಹಾಕುವುದಿಲ್ಲ. ಅರ್ಜಿ ಬರೆದುಕೊಡುವುದಿರಲಿ, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಿರಲಿ, ಪ್ರಾರ್ಥನಾ ಕೂಟಕ್ಕೆ ಎಂದೂ ಕಾಲಿಡದವರಿಗೂ ಅದೇ ಸಹಾಯ. ಮಕ್ಕಳಿಗೆ ಕಥೆ ಹೇಳುವುದಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು. ಇದರಲ್ಲಿ ಸಡಿಲ ಬಿಟ್ಟ ಸೇವೆ ಎಷ್ಟು ವೇಗವಾಗಿ ಬೆಳೆದರೂ ನನಗೆ ನಂಬಿಕೆ ಇಲ್ಲ.

ಬೋಧನೆಗೆ ನಾನು ಹೆಚ್ಚಾಗಿ ಮಾರ್ಕನ ಸುವಾರ್ತೆ ಹಿಡಿಯುತ್ತೇನೆ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ಕಥೆ ಓಡುತ್ತಾ ಹೋಗುತ್ತದೆ. ಓದು ಬಾರದವರೇ ಜಾಸ್ತಿ ಇದ್ದರೆ ಪುಸ್ತಕ ತೆರೆಯುವುದೇ ಇಲ್ಲ. ಒಂದು ಕಥೆ ಹೇಳುತ್ತೇನೆ. ಯಾರಾದರೂ ಅದನ್ನು ತಿರುಗಿ ಹೇಳಬೇಕು, ತಪ್ಪಿದ್ದನ್ನು ಉಳಿದವರು ಸರಿಪಡಿಸಬೇಕು. ಆಮೇಲೆ ಪ್ರಶ್ನೆಗಳು. ಅವು ಯಾವ ವ್ಯಾಖ್ಯಾನದಲ್ಲೂ ಸಿಗುವುದಿಲ್ಲ! ಯೇಸು ಹೇಳಿದ ಬಿತ್ತುವವನ ಸಾಮ್ಯ (ದೃಷ್ಟಾಂತ ಕಥೆ) ಕೇಳಿದ ರೈತರು, ದಾರಿ ಮೇಲೆ, ಕಲ್ಲಿನ ಮೇಲೆ ಬೀಜ ಚೆಲ್ಲುವವನು ಎಂಥ ರೈತ ಅಂತ ನಗುತ್ತಾರೆ. ನೂರರಲ್ಲಿ ಕಳೆದುಹೋದ ಒಂದು ಕುರಿಯನ್ನು ಹುಡುಕಿ ಹೋದ ಕುರುಬನ ಕಥೆಯನ್ನು ಕುರಿ ಕಾಯುವವರು ಸುಮ್ನೆ ಒಪ್ಪುವುದಿಲ್ಲ. ಉಳಿದ ತೊಂಬತ್ತೊಂಬತ್ತನ್ನು ಯಾರು ನೋಡಿಕೊಂಡರು ಅಂತ ಕೇಳುತ್ತಾರೆ. ಅಲ್ಲಿಂದ ಚರ್ಚೆ ಎಲ್ಲಿಗೋ ಹೋಗುತ್ತದೆ. ನಾನು ತಡೆಯುವುದಿಲ್ಲ, ನನ್ನ ಪ್ರಸಂಗಕ್ಕಿಂತ ಅದೇ ಚೆನ್ನಾಗಿರುತ್ತದೆ.

ದೀಕ್ಷಾಸ್ನಾನಕ್ಕೆ, ಅಂದರೆ ಕ್ರೈಸ್ತ ಸಭೆಗೆ ಸೇರುವ ನೀರಿನ ವಿಧಿಗೆ, ಅವಸರ ಮಾಡುವುದಿಲ್ಲ. ಕೇಳಿದವರ ಮನೆಯವರ ಜೊತೆ ಕೂತು ಮಾತಾಡುತ್ತೇನೆ. ಅವರು ಒಪ್ಪದೇ ಇರಬಹುದು, ಆದರೆ ವಿಷಯ ಬೇರೆಯವರ ಬಾಯಿಂದ ತಿಳಿಯಬಾರದು.

ಕಷ್ಟದ ಕೆಲಸ ಅಂದರೆ ಸೇವೆಯನ್ನು ಊರವರ ಕೈಗೇ ಬಿಟ್ಟುಕೊಡುವುದು. ಯೇಸುವಿನ ಅಪೊಸ್ತಲ ಪೌಲ ಗ್ರೀಸಿನ ಕೊರಿಂಥದಲ್ಲಿ ಗುಡಾರ ಹೊಲಿದು ದುಡಿಯುತ್ತಾ ಒಂದೂವರೆ ವರ್ಷ ಇದ್ದ, ಆಮೇಲೆ ಹೊರಟ. 19ನೇ ಶತಮಾನದಲ್ಲಿ ಮಿಷನ್ ಸಂಸ್ಥೆಗಳನ್ನು ನಡೆಸಿದ ಇಂಗ್ಲೆಂಡಿನ ಹೆನ್ರಿ ವೆನ್, ಅಮೆರಿಕದ ರೂಫಸ್ ಆಂಡರ್ಸನ್ ಹೇಳಿದ್ದೂ ಇದೇ ದಾರಿ: ಊರಿನ ಕ್ರೈಸ್ತ ಸಭೆ ತನ್ನನ್ನು ತಾನೇ ನಡೆಸಬೇಕು, ತನ್ನ ಖರ್ಚು ತಾನೇ ಹೊರಬೇಕು, ಸುವಾರ್ತೆಯನ್ನು ತಾನೇ ಹಬ್ಬಿಸಬೇಕು. ಮೂರರಲ್ಲಿ ಖರ್ಚಿನದ್ದೇ ಪೇಚು. ಹೊರಗಿನ ದುಡ್ಡಲ್ಲಿ ಕಟ್ಟಡ ಎದ್ದರೆ ಅದರ ದೀಪ ಕೆಟ್ಟಾಗಲೂ ಹೊರಗಿನವರೇ ಬರಬೇಕು. ಅದಕ್ಕೇ ಯಾರದೋ ಜಗಲಿಯೇ ಸಾಕು ಅನ್ನುತ್ತೇನೆ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಯವರ ಗುಂಪು ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರಿಗೆ ಒಬ್ಬ ನಾಯಕನನ್ನು ಇಟ್ಟಿತು. ವಾರಕ್ಕೊಂದು ಪೆನ್ನಿ ಸಂಗ್ರಹಿಸಲು ಹೋದ ಆ ನಾಯಕರಿಗೆ ಪ್ರತಿ ಮನೆಯ ಕಷ್ಟಸುಖ ತಿಳಿಯಿತು. ನಮ್ಮಲ್ಲೂ ಕಾಣಿಕೆ ಎಣಿಸುವ ಜವಾಬ್ದಾರಿ ಹೊತ್ತವರೇ ಮುಂದೆ ಸಭೆ ನಡೆಸುವ ಒಳ್ಳೆಯ ಹಿರಿಯರಾದರು.

ಈಗ ಹಳೆಯ ಊರುಗಳಿಗೆ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ), ದೀಕ್ಷಾಸ್ನಾನಕ್ಕೆ ಅಷ್ಟೇ ಹೋಗುತ್ತೇನೆ. ವಾರದ ಆರಾಧನೆ, ರೋಗಿಗಳ ಭೇಟಿ, ಸಾವಿನ ಮನೆಯಲ್ಲಿ ರಾತ್ರಿ ಕೂರುವುದು, ಎಲ್ಲ ಅವರದೇ. ಜಗಳ ಕೈಮೀರಿದಾಗ ಮಾತ್ರ ನನಗೆ ಫೋನ್ ಬರುತ್ತದೆ.