14 ದಿನದ ಮಾತ್ರೆ ನನ್ನನ್ನು ಸಂಶೋಧನೆಗೆ ತಂದದ್ದು

ಮಂಗಳೂರಿನಲ್ಲಿ ವೈದ್ಯವೃತ್ತಿ ಮಾಡುವವರಿಗೆ ಮಲೇರಿಯಾ ಹೊಸತಲ್ಲ. ಕಾಮಗಾರಿ ನಡೆಯುವ ಕಟ್ಟಡಗಳ ತೊಟ್ಟಿ, ತಾರಸಿಗಳಲ್ಲಿ ನಿಂತ ನೀರಿನಲ್ಲಿ ಅನಾಫಿಲಿಸ್ ಸೊಳ್ಳೆ ಬೆಳೆಯುತ್ತದೆ, ಮತ್ತು ಜ್ವರವೆಂದು ಬರುವವರಲ್ಲಿ ಬಹಳ ಮಂದಿ ಅಲ್ಲಿಯೇ ದುಡಿದು ಅಲ್ಲಿಯೇ ಮಲಗುವ ಕಾರ್ಮಿಕರು. ಮಲೇರಿಯಾದ ಒಂದು ಬಗೆಯಾದ ವೈವಾಕ್ಸ್‌ಗೆ 3 ದಿನ ಕ್ಲೋರೋಕ್ವಿನ್ ಕೊಟ್ಟರೆ ರಕ್ತದಲ್ಲಿರುವ ರೋಗಾಣು ಸಾಯುತ್ತದೆ. ಯಕೃತ್ತಿನಲ್ಲಿ ಅಡಗಿದ್ದು ಸಾಯಬೇಕಾದರೆ 14 ದಿನ ಪ್ರೈಮಾಕ್ವಿನ್ ನುಂಗಬೇಕು. ಆದರೆ ಜ್ವರ ಬಿಟ್ಟ ಮರುದಿನವೇ ಕೂಲಿಗೆ ಹೋಗುವವರು, ಗುತ್ತಿಗೆದಾರ ಕರೆದಲ್ಲಿಗೆ ಊರು ಬದಲಿಸುವವರು, ಅಷ್ಟೂ ದಿನ ಮಾತ್ರೆ ನುಂಗುತ್ತಾರೆಂದು ನಂಬುವುದು ಕಷ್ಟ. ಅದೇ ವ್ಯಕ್ತಿ ಕೆಲವು ತಿಂಗಳ ಬಳಿಕ ಮತ್ತೆ ನಡುಗುತ್ತಾ ಬಂದಾಗ, ಇದು ಹಳೆಯ ಸೋಂಕಿನ ಮರುಕಳಿಕೆಯೋ ಹೊಸ ಸೊಳ್ಳೆಯ ಕಡಿತವೋ ಎಂದು ನನ್ನ ಹೊರರೋಗಿ ವಿಭಾಗದಲ್ಲಿ ಕುಳಿತು ಹೇಳಲು ಸಾಧ್ಯವಿರಲಿಲ್ಲ. ನಾನು ಕ್ಲಿನಿಕಲ್ ಸಂಶೋಧನೆಗೆ ಇಳಿದದ್ದು ಈ ಪ್ರಶ್ನೆಗಾಗಿ.

2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಟಫೆನೋಕ್ವಿನ್‌ಗೆ ಅನುಮೋದನೆ ಕೊಟ್ಟಿತು; 14 ದಿನದ ಕೆಲಸಕ್ಕೆ ಒಂದೇ ಸಲದ ಮಾತ್ರೆ. ನಮ್ಮ ರೋಗಿಗಳ ಬದುಕನ್ನು ಬಲ್ಲವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಆದರೆ ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಪ್ರೈಮಾಕ್ವಿನ್, ಟಫೆನೋಕ್ವಿನ್ ಎರಡೂ ಆ ಕಣಗಳನ್ನು ಒಡೆಯಬಲ್ಲವು. ಪ್ರೈಮಾಕ್ವಿನ್ ಆದರೆ ಕಣಗಳು ಒಡೆದು ಮೂತ್ರ ಕಪ್ಪಾದ ಕೂಡಲೇ ನಿಲ್ಲಿಸಬಹುದು. ಟಫೆನೋಕ್ವಿನ್ ನುಂಗಿದ ಮೇಲೆ ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಆದ್ದರಿಂದ ಕಿಣ್ವದ ಪ್ರಮಾಣವನ್ನು ಅಳೆಯದೆ ಅದನ್ನು ಕೊಡುವಂತಿಲ್ಲ. ಇಂಥ ಔಷಧ ಎಲ್ಲಿ ಬೇಕೋ ಅಲ್ಲಿಯ ಜನರಲ್ಲಿಯೇ ಅದರ ಪರೀಕ್ಷೆ ನಡೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ.

ತರಬೇತಿ, ನೈತಿಕ ಸಮಿತಿಯ ಒಪ್ಪಿಗೆ, ನೋಂದಣಿ ಎಲ್ಲವೂ ಕ್ರಮವಾಗಿ ಆದವು. ಹೆಚ್ಚು ಶ್ರಮ ಬೇಡಿದ್ದು ಸಂಶೋಧನೆಗೆ ಸೇರಲು ರೋಗಿಯ ಸಮ್ಮತಿ. ತುಳು, ಬ್ಯಾರಿ, ಹಿಂದಿ ಬಲ್ಲ ಸಹಾಯಕರನ್ನು ಜೊತೆಗಿಟ್ಟುಕೊಂಡು, ಕೆಲಸ ಮುಗಿಸಿ ಬಂದವರೊಡನೆ ಸಂಜೆ ಕುಳಿತು ಮಾತನಾಡುತ್ತಿದ್ದೆ. ಬಾಗಲಕೋಟೆ ಕಡೆಯ ಒಬ್ಬರು, “ಬ್ಯಾಡ ಅಂದ್ರ ಗುಳಿಗಿ ಕೊಡೂದಿಲ್ಲೇನ್ರಿ ಸಾಹೇಬ್ರ?” ಎಂದು ಕೇಳಿದರು. ಒಪ್ಪದಿದ್ದರೂ ಚಿಕಿತ್ಸೆ ತಪ್ಪುವುದಿಲ್ಲವೆಂಬ ಮಾತು ಸಮ್ಮತಿಪತ್ರದಲ್ಲಿ ಇದ್ದೇ ಇತ್ತು. ಅಂದಿನಿಂದ ನಾನು ಎಲ್ಲಕ್ಕಿಂತ ಮೊದಲು ಅದನ್ನೇ ಹೇಳುತ್ತೇನೆ.

ಗರ್ಭಿಣಿಯರಿಗೆ ಮಾತ್ರ ಈ ಎರಡು ಔಷಧಗಳಲ್ಲಿ ಯಾವುದನ್ನೂ ಕೊಡುವಂತಿಲ್ಲ, ಏಕೆಂದರೆ ಹೊಟ್ಟೆಯಲ್ಲಿರುವ ಶಿಶುವಿಗೆ ಕಿಣ್ವದ ಕೊರತೆ ಇದೆಯೇ ಎಂಬುದು ತಿಳಿದಿರುವುದಿಲ್ಲ. ಹೆರಿಗೆಯವರೆಗೆ ಅವರು ಮರುಕಳಿಕೆಯ ಭಯದಲ್ಲಿಯೇ ಇರಬೇಕು. ಅವರಿಗೂ ಕೊಡಬಹುದಾದ ಔಷಧವೊಂದು ಬರಬೇಕೆಂಬ ಆಸೆಯಿಂದಲೇ ನಾನು ಇನ್ನೂ ಈ ಕೆಲಸದಲ್ಲಿದ್ದೇನೆ.