ಗ್ಲಾಸು ಬೋರಲೋ, ನೆಟ್ಟಗೋ? ಕಪಾಟಿನಲ್ಲಿ ಲೋಟ, ಕಪ್ಪು ಜೋಡಿಸುವ ಬಗೆ

ಅಡುಗೆಮನೆಯ ಕಪಾಟು ತೆರೆಯಿರಿ. ಹಿಂದಿರುವ ಒಂದು ಗ್ಲಾಸು ಬೇಕೆಂದರೆ ಮುಂದಿನ ಎಷ್ಟನ್ನು ಪಕ್ಕಕ್ಕೆ ಸರಿಸಬೇಕು? ಎರಡಕ್ಕಿಂತ ಜಾಸ್ತಿ ಆದರೆ ಜೋಡಣೆ ಬದಲಿಸಲೇಬೇಕು. ಗ್ಲಾಸುಗಳು ನೆಲಕ್ಕೆ ಬಿದ್ದೇ ಹಾಳಾಗಬೇಕೆಂದಿಲ್ಲ. ಕಪಾಟಿನೊಳಗೇ ಒಂದಕ್ಕೊಂದು ತಾಗಿ ಅಂಚಿನ ಚಕ್ಕೆ ಹಾರುತ್ತದೆ. ಜಾಗ ಸಾಲದು ಅಂತ ಗೊಣಗುತ್ತೇವೆ. ಆದರೆ ಇರುವ ಜಾಗದಲ್ಲೇ ಬೇರೆ ಥರ ಇಟ್ಟರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಬಿಡುವಾಗಿರುವ ಒಂದು ಮಧ್ಯಾಹ್ನ ಸಾಕು.

ಮೊದಲು ಎಲ್ಲ ಕೆಳಗಿಳಿಸಿ

ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಇರುವುದನ್ನೆಲ್ಲ ಅದರ ಮೇಲಿಡಿ. ದಿನವೂ ಬಳಸುವುದು, ಆಗೊಮ್ಮೆ ಈಗೊಮ್ಮೆ ಬಳಸುವುದು, ಸುಮ್ನೆ ಕೂತಿರುವುದು ಅಂತ ಮೂರು ಗುಂಪು ಮಾಡಿ. ಮೂರನೇ ಗುಂಪೇ ದೊಡ್ಡದಾದರೆ ಗಾಬರಿ ಬೇಡ, ಬಹಳ ಮನೆಗಳ ಕತೆ ಅದೇ. ಮನೆಯಲ್ಲಿ ಎಷ್ಟು ಜನರಿದ್ದಾರೋ ಅದರ ಎರಡರಷ್ಟು ಗ್ಲಾಸು ಕೈಗೆ ಸಿಗುವಂತಿದ್ದರೆ ದಿನ ಸಾಗುತ್ತದೆ.

ಈಗಲೇ ಒಡಕು ನೋಡಿಬಿಡಿ. ಗಾಜಿನ ಅಂಚನ್ನು ಬೆರಳಿನಿಂದ ಸವರಬೇಡಿ. ಒಂದು ಚೂರು ಹತ್ತಿಯನ್ನು ಬಾಯಿಯ ಸುತ್ತ ಮೆಲ್ಲಗೆ ಆಡಿಸಿ. ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆ ಹಾರಿದ್ದರೂ ಅಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಪಿಂಗಾಣಿ ಕಪ್ಪಿಗೆ ಬೇರೆ ಪರೀಕ್ಷೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಇರುವುದು ಟಿಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಇಂಥವನ್ನು ಪೆನ್ನು ನಿಲ್ಲಿಸಲು ಇಟ್ಟುಕೊಳ್ಳಿ, ಕುಡಿಯಲು ಬೇಡ. ಚಕ್ಕೆ ಎದ್ದ ಗಾಜನ್ನು ಎಸೆಯುವಾಗ ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಒಡೆದ ಗಾಜು’ ಅಂತ ಬರೆಯಿರಿ. ಕಸ ಎತ್ತುವವರ ಕೈ ಉಳಿಯುತ್ತದೆ.

ಯಾವ ಕಪಾಟು?

ಸಿಂಕಿಗೆ ಅಥವಾ ಕುಡಿಯುವ ನೀರಿಗೆ ಹತ್ತಿರವಿರುವ ಮೇಲಿನ ಕಪಾಟು ಒಳ್ಳೆಯದು. ದಿನದ ಗ್ಲಾಸುಗಳು ನಿಮ್ಮ ಭುಜದಿಂದ ಕಣ್ಣಿನ ಎತ್ತರದೊಳಗೆ ಇರಲಿ. ಒಲೆಯ ನೇರ ಮೇಲಿನ ಕಪಾಟು ಮಾತ್ರ ಬೇಡವೇ ಬೇಡ. ಎಣ್ಣೆಯ ಹೊಗೆ ಏರಿ ಗಾಜಿನ ಮೇಲೆ ಜಿಡ್ಡು ಕೂರುತ್ತದೆ, ಜಿಡ್ಡಿಗೆ ಧೂಳು ಅಂಟುತ್ತದೆ.

ಶೆಲ್ಫಿನ ಎತ್ತರವನ್ನೂ ಒಮ್ಮೆ ನೋಡಿ. ಗ್ಲಾಸುಗಳ ಮೇಲೆ ಅರ್ಧ ಕಪಾಟು ಖಾಲಿ ಇರುತ್ತದೆ. ಆ ಜಾಗ ತುಂಬಿಸಲೆಂದೇ ನಾವು ಒಂದರೊಳಗೊಂದು ಪೇರಿಸಲು ಶುರು ಮಾಡುವುದು. ಕಾರ್ಖಾನೆಯಲ್ಲಿ ತಯಾರಾದ ಬಹಳಷ್ಟು ಕಪಾಟುಗಳ ಒಳಗೋಡೆಯಲ್ಲಿ 5 ಮಿ.ಮೀ. ಅಗಲದ ತೂತುಗಳ ಸಾಲು ಇರುತ್ತದೆ, ಒಂದರಿಂದ ಇನ್ನೊಂದಕ್ಕೆ 32 ಮಿ.ಮೀ. ಅಂತರ. ಶೆಲ್ಫು ಕೂತಿರುವುದು ಆ ತೂತಿಗೆ ಸಿಕ್ಕಿಸಿದ ನಾಲ್ಕು ಪಿನ್ನುಗಳ ಮೇಲೆ. ಪಿನ್ನು ಕಿತ್ತು ಬೇರೆ ತೂತಿಗೆ ಹಾಕಿದರೆ ಶೆಲ್ಫು ಮೇಲೆ ಕೆಳಗೆ ಆಗುತ್ತದೆ. ಅತಿ ಎತ್ತರದ ಗ್ಲಾಸಿನ ಮೇಲೆ ಒಂದೆರಡು ಇಂಚು ಬಿಡಿ, ಎತ್ತಿ ತೆಗೆಯಲು ಅಷ್ಟು ಬೇಕು. ಹೀಗೆ ಮಾಡಿದರೆ ಎಷ್ಟೋ ಕಪಾಟಿನಲ್ಲಿ ಇನ್ನೊಂದು ಶೆಲ್ಫಿಗೇ ಜಾಗ ಸಿಗುತ್ತದೆ.

ಭಾರವನ್ನೂ ಮರೆಯಬೇಡಿ. ಒಂದು ಗ್ಲಾಸು ಕಾಲು ಕಿಲೋ ಅಂದುಕೊಂಡರೂ 30 ಗ್ಲಾಸಿಗೆ ಏಳೂವರೆ ಕಿಲೋ ಆಯಿತು. ಉದ್ದ ಶೆಲ್ಫು ನಡುವೆ ಬಾಗಿದ್ದರೆ ದಪ್ಪ ಮಗ್‌ಗಳನ್ನು ಎರಡು ತುದಿಗೆ ಸರಿಸಿ, ಹಗುರದ್ದು ಮಧ್ಯಕ್ಕೆ ಬರಲಿ.

ಒರೆಸಿ, ಒಣಗಿಸಿ, ಹಾಸಿ

ಕಪಾಟು ಒರೆಸಿದ ಮೇಲೆ ಬಾಗಿಲು ತೆರೆದೇ ಬಿಡಿ, ಒಳಗೆ ಪೂರ್ತಿ ಒಣಗಲಿ. ಹಾಸಲು ನ್ಯೂಸ್‌ಪೇಪರ್ ಬೇಡ. ಅದು ತೇವ ಹೀರುತ್ತದೆ, ಅದರಡಿ ಜಿರಳೆ ಸೇರುತ್ತದೆ. ಜಾಲರಿ ಅಥವಾ ಗೀರುಗೀರಾದ ರಬ್ಬರ್ ಮ್ಯಾಟ್ ಇದ್ದರೆ ಗ್ಲಾಸು ಜಾರುವುದಿಲ್ಲ, ಕೆಳಗೆ ಗಾಳಿಯೂ ಆಡುತ್ತದೆ. ಹೊಸ ಮ್ಯಾಟ್ ವಾಸನೆ ಬಂದರೆ ಹೊರಗೆ ಗಾಳಿಗೆ ಹಾಕಿ ಆಮೇಲೆ ಹಾಸಿ. ನುಸಿಗುಳಿಗೆಯನ್ನು ಈ ಕಪಾಟಿನ ಹತ್ತಿರಕ್ಕೂ ತರಬೇಡಿ.

ಈಗ ಜಗಳದ ವಿಷಯ

ಒಂದೇ ಮನೆಯಲ್ಲಿ ಒಬ್ಬರು ಗ್ಲಾಸನ್ನು ಬೋರಲು ಇಡುತ್ತಾರೆ, ಇನ್ನೊಬ್ಬರು ಬಂದು ನೆಟ್ಟಗೆ ಮಾಡುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಬೋರಲು ಹಾಕಿದರೆ ಒಳಗೆ ಧೂಳು ಬೀಳುವುದಿಲ್ಲ, ಹುಳ ಇಳಿಯುವುದಿಲ್ಲ. ಆದರೆ ಒಂದು ಹನಿ ನೀರು ಉಳಿದಿದ್ದರೂ ಅದು ಆರಿಹೋಗಲು ದಾರಿ ಇಲ್ಲ. ಒಳಗಿನ ಗಾಳಿ ಅಲ್ಲೇ ನಿಂತು ಮುಗ್ಗಲು ವಾಸನೆ ಬರುತ್ತದೆ. ಜೊತೆಗೆ, ತುಟಿ ತಾಗುವ ಅಂಚೇ ಶೆಲ್ಫಿಗೆ ತಾಗಿರುತ್ತದೆ. ಶೆಲ್ಫು ಎಷ್ಟು ಚೊಕ್ಕವೋ ಗ್ಲಾಸೂ ಅಷ್ಟೇ ಚೊಕ್ಕ.

ನನ್ನ ಪ್ರಕಾರ ತೀರ್ಮಾನ ಅಂಚಿನದ್ದು. ಗ್ಲಾಸಿನಲ್ಲಿ ಬಹಳ ಸಲ ಅತಿ ತೆಳು ಜಾಗವೇ ಬಾಯಿ, ಅತಿ ದಪ್ಪ ಜಾಗ ತಳ. ಭಾರ ದಪ್ಪದ ಮೇಲೆ ಕೂರಬೇಕು ತಾನೇ? ಹಾಗಾಗಿ ತೆಳು ಅಂಚಿನವು, ಕಾಲಿರುವ ಗ್ಲಾಸುಗಳು ಯಾವತ್ತೂ ನೆಟ್ಟಗೇ ಇರಲಿ. ದಪ್ಪ ಗಾಜಿನ, ದಿನವೂ ಕೈಗೆ ಬರುವ ಗ್ಲಾಸನ್ನು ಹೇಗಿಟ್ಟರೂ ನಡೆಯುತ್ತದೆ. ಧೂಳು ಕೂರುವಷ್ಟು ಹೊತ್ತು ಅದು ಕಪಾಟಿನಲ್ಲಿ ಇರುವುದೇ ಇಲ್ಲ. ಬಾಗಿಲಿಲ್ಲದ ಶೆಲ್ಫು ಅಥವಾ ಹುಳದ ಕಾಟ ಇದ್ದರೆ ಬೋರಲು ಹಾಕಿ, ಆದರೆ ಪೂರ್ತಿ ಒಣಗಿದ ಮೇಲೆ, ಜಾಲರಿ ಮ್ಯಾಟಿನ ಮೇಲೆ. ಸ್ಟೀಲ್ ಲೋಟದ ಅಂಚಿನಿಂದ ಚಕ್ಕೆ ಏಳುವ ಭಯವಿಲ್ಲ, ನಿಮ್ಮಿಷ್ಟ.

ಕೆಲವರು ಒಂದು ನೆಟ್ಟಗೆ, ಪಕ್ಕದ್ದು ಬೋರಲು ಹೀಗೆ ಸಾಲು ಮಾಡುತ್ತಾರೆ. ಬಾಯಿ ಅಗಲ, ತಳ ಕಿರಿದಾದ ಗ್ಲಾಸುಗಳಿಗೆ ಇದರಿಂದ ಜಾಗ ಉಳಿಯುವುದು ನಿಜ. ಆದರೆ ಹತ್ತಿರ ಹತ್ತಿರ ಕೂತ ಗಾಜು ತಾಗದೆ ಇರುತ್ತದೆಯೇ? ತುಂಬಾ ಇಕ್ಕಟ್ಟಿದ್ದರೆ ಮಾತ್ರ ಮಾಡಿ.

ಸಾಲು ಹಿಡಿಯುವುದು

ಒಂದು ಜಾತಿಯ ಗ್ಲಾಸನ್ನು ಅಡ್ಡಕ್ಕೆ ಹರಡಬೇಡಿ. ಮುಂದಿನಿಂದ ಹಿಂದಕ್ಕೆ ಒಂದೇ ಸಾಲಾಗಿ ಇಡಿ. ಮೇಲಿನ ಕಪಾಟು ಸಾಮಾನ್ಯವಾಗಿ 12 ಇಂಚು ಆಳ ಇರುತ್ತದೆ, ಒಂದು ಸಾಲಿಗೆ ಮೂರು ಗ್ಲಾಸು ಆರಾಮಾಗಿ ಹಿಡಿಯುತ್ತವೆ. ಹೀಗಿಟ್ಟರೆ ಯಾವ ಜಾತಿಯದ್ದು ಬೇಕಾದರೂ ಅದರದೇ ಒಂದು ಮುಂದೆ ಸಿಗುತ್ತದೆ, ಯಾವುದನ್ನೂ ಸರಿಸಬೇಕಿಲ್ಲ. ಪಕ್ಕದ ಸಾಲಿಗೂ ಇದಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಸಂದು ಇರಲಿ. ಮಕ್ಕಳ ಸ್ಟೀಲ್, ಪ್ಲಾಸ್ಟಿಕ್ ಲೋಟಗಳು ಕೆಳಗಿನ ಡ್ರಾಯರಿನಲ್ಲಿದ್ದರೆ ಅವರು ಸ್ಟೂಲು ಹತ್ತುವುದು ತಪ್ಪುತ್ತದೆ.

ಕಪ್ಪುಗಳ ಹಿಡಿ ಎಲ್ಲ ಒಂದೇ ದಿಕ್ಕಿಗೆ, ಓರೆಯಾಗಿ ಮುಂದಕ್ಕೆ ಇರಲಿ. ಒಂದರ ಮೇಲೆ ಒಂದು ಇಡುವುದಾದರೆ ಎರಡಕ್ಕೆ ನಿಲ್ಲಿಸಿ. ಒಂದು ಪಿಂಗಾಣಿ ಕಪ್ಪು ತಿರುಗಿಸಿ ತಳ ನೋಡಿ. ಬಳೆಯಂಥ ಒಂದು ಸುತ್ತು ಹೊಳಪಿಲ್ಲದೆ, ಒರಟಾಗಿ ಇರುತ್ತದೆ. ಸುಡುವಾಗ ಕರಗಿದ ಮೆರುಗು ಗೂಡಿನ ಹಲಗೆಗೆ ಅಂಟಬಾರದು ಅಂತ ಆ ಜಾಗಕ್ಕೆ ಮೆರುಗು ಹಚ್ಚುವುದಿಲ್ಲ. ಕೆಳಗಿನ ಕಪ್ಪಿನ ನುಣ್ಣನೆಯ ಮೈಗೆ ಗೀರು ಬೀಳುವುದು ಈ ಒರಟು ಬಳೆಯಿಂದಲೇ. ನಡುವೆ ಬಟ್ಟೆಯದೋ ಪೇಪರ್ ಟವೆಲಿನದೋ ಒಂದು ತುಂಡು ಇಟ್ಟರೆ ಆಯಿತು. ಶೆಲ್ಫಿನಡಿ ಕೊಕ್ಕೆ ಹಾಕಿ ತೂಗುಬಿಡುವುದೂ ಚೆನ್ನ, ಹಿಡಿ ಗಟ್ಟಿ ಇದ್ದರೆ.

ಒಂದರೊಳಗೊಂದು ಸಿಕ್ಕಿಕೊಂಡರೆ

ಪೇರಿಸಲೆಂದೇ ಮಾಡಿದ ಗ್ಲಾಸಿನ ಒಳಗೆ ಸಣ್ಣ ಮೆಟ್ಟಿಲಿನಂತೆ ಒಂದು ಅಂಚು ಇರುತ್ತದೆ. ಮೇಲಿನದ್ದು ಅಲ್ಲೇ ನಿಲ್ಲುತ್ತದೆ. ಅದಿಲ್ಲದವನ್ನು ಪೇರಿಸಿದರೆ ಬಿಗಿಯಾಗಿ ಕೂತುಬಿಡುತ್ತವೆ. ಆಗ ತಿರುಚಬೇಡಿ, ಬಡಿಯಬೇಡಿ. ಒಳಗಿನ ಗ್ಲಾಸಿಗೆ ತಣ್ಣೀರು ತುಂಬಿ, ಹೊರಗಿನದ್ದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ. ಒಳಗಿನದು ಕೊಂಚ ಕುಗ್ಗಿ, ಹೊರಗಿನದು ಕೊಂಚ ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಕುದಿಯುವ ನೀರು ಹಾಕಿದಿರೋ, ಎರಡೂ ಹೋದವು.

ಉಳಿದದ್ದು

ಸುಮ್ನೆ ಕೂತಿದ್ದ ಆ ಮೂರನೇ ಗುಂಪನ್ನು ಯಾರಿಗಾದರೂ ಕೊಡಬಹುದು. ಮನಸ್ಸು ಬರದಿದ್ದರೆ ಒಂದೊಂದನ್ನೂ ಬಿಳಿ ಕಾಗದದಲ್ಲಿ ಸುತ್ತಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಗ್ಲಾಸುಗಳನ್ನು ಮಲಗಿಸಬೇಡಿ, ನಿಲ್ಲಿಸಿ. ಒಳಗೆ ಏನಿದೆ, ಎಷ್ಟಿದೆ ಅಂತ ಪೆಟ್ಟಿಗೆಯ ಪಕ್ಕಕ್ಕೆ ಬರೆಯಿರಿ. ಅದರ ಮೇಲೆ ಬೇರೆ ಪೆಟ್ಟಿಗೆ ಹೇರಬೇಡಿ.