ಸೂಳೆಕೆರೆಯ ಮೇಲಿನ ಕಾಡು, ಕೆಳಗಿನ ಊರಿನ ನಲ್ಲಿ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಹರಿದ್ರಾ ಹಳ್ಳಕ್ಕೆ ಅಡ್ಡವಾಗಿ, ಎರಡು ಗುಡ್ಡಗಳ ನಡುವೆ ಕಟ್ಟಿದ ಪುರಾತನ ಕೆರೆ. ಚಿತ್ರದುರ್ಗ ನಗರವೂ ಸೇರಿ ಹಲವು ಊರುಗಳು ಕುಡಿಯುವ ನೀರಿಗೆ ಇದನ್ನು ನಂಬಿಕೊಂಡಿವೆ. ಇದಕ್ಕೆ ನೀರು ತರುವ ಗುಡ್ಡಗಳಲ್ಲಿ ಅರಣ್ಯ ನೌಕರನಾಗಿದ್ದ ನನ್ನ ಕೆಲಸವನ್ನು ಮೇಲಿನವರು ನೆಟ್ಟ ಸಸಿಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ಆದರೆ ಕೆರೆಗೆ ಬರುವ ನೀರಿನ ಗುಣವನ್ನು ನಿರ್ಧರಿಸುವುದು ಮರಗಳ ಸಂಖ್ಯೆಗಿಂತ ಹೆಚ್ಚಾಗಿ ನೆಲದ ಮೇಲಿನ ತರಗೆಲೆ ಮತ್ತು ಹುಲ್ಲು ಎಂಬುದು ನನ್ನ ಅನುಭವ.

ತೇಗದ ನೆಡುತೋಪಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅಗಲವಾದ ಎಲೆಯ ಮೇಲೆ ಕೂಡಿಕೊಂಡ ಮಳೆನೀರು ದಪ್ಪ ಹನಿಯಾಗಿ ಬೀಳುತ್ತದೆ; ಬೇಸಿಗೆಯಲ್ಲಿ ಬೆಂಕಿ ಬಿದ್ದು ತರಗೆಲೆ ಸುಟ್ಟುಹೋಗಿದ್ದರೆ ಆ ಹನಿಯ ಏಟಿಗೆ ಮಣ್ಣು ಚಿಮ್ಮಿ ಕಾಂಡದ ಬುಡಕ್ಕೆ ಗೇಣುದ್ದ ಕೆಂಪಗೆ ಮೆತ್ತಿಕೊಳ್ಳುತ್ತದೆ. ತರಗೆಲೆ ಉಳಿದ ಪಕ್ಕದ ತೋಪಿನಲ್ಲಿ ಬುಡಗಳು ಸ್ವಚ್ಛವಾಗಿರುತ್ತವೆ. ಆದ್ದರಿಂದ ಬೇಸಿಗೆಗೆ ಮುನ್ನವೇ ಬೆಂಕಿರೇಖೆಗಳನ್ನು, ಅಂದರೆ ಬೆಂಕಿ ಹರಡದಂತೆ ಬರಿದು ಮಾಡಿಡುವ ನೆಲದ ಪಟ್ಟಿಗಳನ್ನು, ಸವರಿ, ಕುರಿ ಮೇಯಿಸುವವರನ್ನು ಕರೆದು ಮಾತನಾಡುವುದನ್ನು ನಾನು ಸಸಿ ನೆಡುವುದಕ್ಕಿಂತ ಮುಖ್ಯ ಕೆಲಸವೆಂದು ಹಿಡಿದೆ. ಹೊಸ ಹುಲ್ಲು ಚಿಗುರಲೆಂದು ಬೆಂಕಿ ಹಚ್ಚುವ ರೂಢಿ ಗದರಿಕೆಗೆ ನಿಲ್ಲುವಂಥದ್ದಲ್ಲ. ಹುಲ್ಲು ಕೊಯ್ದೊಯ್ಯಲು ಅವಕಾಶ ಕೊಟ್ಟ ಕಡೆ ಮಾತ್ರ ಅದು ಕಡಿಮೆಯಾಯಿತು.

ಕೆಳಗೆ ಇದರ ಪರಿಣಾಮವೇನೆಂದು ತಿಳಿಸಿದವರು ನೀರು ಶುದ್ಧೀಕರಣ ಘಟಕದ ಒಬ್ಬ ಹಿರಿಯ ಆಪರೇಟರ್. "ನಿಮ್ ಗುಡ್ಡಕ್ಕೆ ಬೆಂಕಿ ಬಿದ್ದ ವರ್ಷ ನಮಗೆ ಆಲಂ ಖರ್ಚು ಜಾಸ್ತಿ ಸಾರ್," ಎಂದು ಅವರು ಸಲೀಸಾಗಿ ಹೇಳಿದರು. ಆಲಂ ಎಂದರೆ ನೀರಿನ ಕದಡನ್ನು ತಳಕ್ಕೆ ಇಳಿಸಲು ಹಾಕುವ ಪಟಿಕ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕದಡುವಿಕೆ 1 ಎನ್‌ಟಿಯು (ಕದಡನ್ನು ಅಳೆಯುವ ಮಾನ) ಒಳಗಿರಬೇಕು. ಬೇರೆ ನೀರಿನ ಮೂಲವಿಲ್ಲದಿದ್ದರೆ 5ರವರೆಗೆ ಒಪ್ಪಬಹುದು. ಕದಡು ಹೆಚ್ಚಿದಂತೆ ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್‌ಗೆ ಸಿಗದೆ ಉಳಿಯುತ್ತವೆ, ಫಿಲ್ಟರ್ ಮರಳನ್ನು ಪದೇ ಪದೇ ತೊಳೆಯಬೇಕಾಗುತ್ತದೆ. ಕೆರೆಯಲ್ಲಿ ತಂಗುವ ಹೂಳಿನಿಂದ ಸಂಗ್ರಹ ಕುಗ್ಗುವುದು ಇದರ ಮೇಲಿನ ನಷ್ಟ.

ಮಣ್ಣಿನ ಇನ್ನೊಂದು ಮೂಲ ಕಾಡಿನೊಳಗಿನ ದಾರಿಗಳು. ಮರ ಸಾಗಿಸಲು ಮಾಡಿದ ಜಾಡುಗಳಲ್ಲಿ ಚಕ್ರದ ಗುರುತೇ ಮಳೆಗಾಲಕ್ಕೆ ಕಾಲುವೆಯಾಗಿ, ನೇರವಾಗಿ ಹಳ್ಳಕ್ಕೆ ಮಣ್ಣನ್ನು ಹೊತ್ತೊಯ್ಯುತ್ತದೆ. ದಾರಿಗೆ ಓರೆಯಾಗಿ ಮಣ್ಣಿನ ಸಣ್ಣ ದಿಣ್ಣೆಗಳನ್ನು ಹಾಕಿಸಿ, ನೀರನ್ನು ಪಕ್ಕದ ಪೊದೆಗೆ ತಿರುಗಿಸಿದೆವು. ಹಳ್ಳ ದಾಟುವ ಜಾಗಕ್ಕೆ ಕಲ್ಲು ಜೋಡಿಸಿದೆವು. ಅಗ್ಗದ ಕೆಲಸವಾದ್ದರಿಂದಲೋ ಏನೋ, ಯಾವ ಯೋಜನೆಯ ಪಟ್ಟಿಯಲ್ಲೂ ಇದಕ್ಕೆ ಸ್ಥಳ ಸಿಗಲಿಲ್ಲ.

ಕಾಡು ಬೆಳೆದಷ್ಟೂ ಕೆರೆಗೆ ನೀರು ಹೆಚ್ಚುತ್ತದೆ ಎಂಬ ಮಾತನ್ನು ಸಭೆಗಳಲ್ಲಿ ಕೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಮರಗಳು ತಾವೂ ನೀರು ಹೀರುತ್ತವೆ, ಅದರಲ್ಲಿಯೂ ದಟ್ಟವಾಗಿ ನೆಟ್ಟ ನೀಲಗಿರಿ ಒಣ ಸೀಮೆಯಲ್ಲಿ ಬಹಳ ಹೀರುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇಳಿಜಾರಿಗೆ ಅಡ್ಡವಾಗಿ ನಾವು ತೋಡಿಸಿದ ಟ್ರೆಂಚ್‌ಗಳೂ (ಉದ್ದನೆಯ ಗುಂಡಿಗಳು) ಸಣ್ಣ ಮಳೆಯ ನೀರನ್ನು ಗುಡ್ಡದಲ್ಲೇ ಹಿಡಿದಿಟ್ಟವು. ಬಾವಿಗಳಿಗೆ ಅದರಿಂದ ಅನುಕೂಲವಾದರೂ ಮಳೆ ಕಡಿಮೆಯಾದ ವರ್ಷ ಕೆರೆಗೆ ನೀರು ತಡೆದಿರಿ ಎಂದು ಕೆಳಗಿನ ರೈತರು ಆಕ್ಷೇಪಿಸಿದರು, ಅವರ ಮಾತಿನಲ್ಲಿ ಸತ್ಯವಿತ್ತು. ಆಮೇಲೆ ಹುಲ್ಲು ಚೆನ್ನಾಗಿದ್ದ ಇಳಿಜಾರಿನಲ್ಲಿ ಟ್ರೆಂಚ್ ತೋಡುವುದನ್ನು ಬಿಟ್ಟು, ಕೊರಕಲು ಬಿದ್ದ ಜಾಗಗಳಿಗೆ ಕಲ್ಲಿನ ತಡೆ ಹಾಕುವುದಕ್ಕೂ ಹಳ್ಳದ ಇಬ್ಬದಿಯ ಬಿದಿರು, ಹೊಂಗೆ, ಮತ್ತಿಯನ್ನು ಕಾಯುವುದಕ್ಕೂ ಕೂಲಿಯ ಹಣವನ್ನು ತಿರುಗಿಸಿದೆವು. ಮೊದಲ ಮಳೆಯ ದಿನ ಆಪರೇಟರ್‌ಗೆ ಫೋನ್ ಮಾಡಿ ಕದಡಿನ ಅಂಕಿ ಕೇಳಿ ಡೈರಿಗೆ ಬರೆದುಕೊಳ್ಳುವುದನ್ನು ಅಂದಿನಿಂದ ರೂಢಿ ಮಾಡಿಕೊಂಡೆ; ಮುಂದಿನ ಬೇಸಿಗೆಯಲ್ಲಿ ಯಾವ ಹಳ್ಳದ ಮೇಲ್ಭಾಗಕ್ಕೆ ಮೊದಲು ಹೋಗಬೇಕೆಂದು ತೀರ್ಮಾನಿಸಲು ಸಸಿಗಳ ಲೆಕ್ಕಕ್ಕಿಂತ ಆ ಡೈರಿಯೇ ನನಗೆ ಹೆಚ್ಚು ನೆರವಾಯಿತು.